ನೋಂದಣಿಗೆ ಮುನ್ನ ಮೂರು ತಿಂಗಳು: ಭಾರತದ ಔಷಧ ಕಾನೂನಿನಲ್ಲಿ ಫಾರ್ಮಸಿ ಟೆಕ್ನಿಷಿಯನ್ನನ ಜಾಗ

ಮೆಡಿಕಲ್ ಶಾಪಿನ ಗೋಡೆಗೆ ತೂಗುಹಾಕಿದ ನೋಂದಣಿ ಪತ್ರ ಒಬ್ಬರದು. ಡಾಕ್ಟರ ಚೀಟಿ ಓದಿ, ರ‍್ಯಾಕಿನಿಂದ ಮಾತ್ರೆ ತೆಗೆದು, ‘ಊಟ ಆದ್ಮೇಲೆ ಒಂದು’ ಎಂದು ಹೇಳಿ ಕಳಿಸುವವರು ಬಹಳ ಸಲ ಇನ್ನೊಬ್ಬರು. ಈ ಇನ್ನೊಬ್ಬರನ್ನು ಕುರಿತು ಔಷಧ ನ್ಯಾಯಶಾಸ್ತ್ರದ ತರಗತಿಗಳಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಅವರು ಮಾಡುತ್ತಿರುವುದು ನೇರ ಅಪರಾಧ ಎಂಬುದು ಮೊದಲನೆಯದು. ಫಾರ್ಮಾಸಿಸ್ಟರ ಕಣ್ಣೆದುರು ನಡೆದರೆ ತಪ್ಪಿಲ್ಲ ಎಂಬುದು ಎರಡನೆಯದು. ಎರಡೂ ಉತ್ತರಗಳಿಗೆ ಕಾನೂನಿನ ಆಧಾರವಿದೆ, ಆದರೆ ಎರಡೂ ಅಪೂರ್ಣ ಎಂಬುದು ಈ ಲೇಖನದ ವಾದ. ನಿರ್ಣಾಯಕ ಸಾಕ್ಷ್ಯ ಸಿಗುವುದು ಈ ಚರ್ಚೆಯಲ್ಲಿ ಯಾರೂ ತೆರೆದು ನೋಡದ ಒಂದು ಕಡೆ, ಅಂದರೆ ಡಿ.ಫಾರ್ಮ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಯ ನಿಯಮಗಳಲ್ಲಿ.

ಇತಿಹಾಸದ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ 1931ರಲ್ಲಿ ವರದಿ ಕೊಟ್ಟು, ಔಷಧದ ಗುಣಮಟ್ಟ ಮತ್ತು ಔಷಧ ವೃತ್ತಿ ಎರಡಕ್ಕೂ ಕಾನೂನಿನ ಕಡಿವಾಣ ಬೇಕೆಂದಿತು. ಎರಡೂ ಒಟ್ಟಿಗೆ ಬರಲಿಲ್ಲ. ಔಷಧ ಕಾಯ್ದೆ 1940ರಲ್ಲಿ, ಅದರ ನಿಯಮಗಳು 1945ರಲ್ಲಿ, ಫಾರ್ಮಸಿ ಕಾಯ್ದೆ 1948ರಲ್ಲಿ ಬಂದವು. ಹರಕಿಶನ್ ಸಿಂಗ್ ಅವರ ಭಾರತೀಯ ಫಾರ್ಮಸಿ ಇತಿಹಾಸದ ಸಂಪುಟಗಳ ನಂತರ ಈ ಕಾಲಾನುಕ್ರಮಕ್ಕೆ ಸೇರಿಸಬೇಕಾದದ್ದು ಕಡಿಮೆ. ಇಲ್ಲಿನ ಭಿನ್ನಾಭಿಪ್ರಾಯ ಇರುವುದು ಈ ಕಾಲಾನುಕ್ರಮದಿಂದ ಪಠ್ಯಪುಸ್ತಕಗಳು ಕಟ್ಟಿಕೊಂಡ ಕಥೆಯೊಂದಿಗೆ. ಅನುಭವದಿಂದ ಕಲಿತ ಕಾಂಪೌಂಡರ್ 1948ರಲ್ಲಿ ಹಿಂದೆ ಸರಿದ, ಓದಿದ ಫಾರ್ಮಾಸಿಸ್ಟ್ ಮುಂದೆ ಬಂದ ಎಂಬ ನೇರ ಗೆರೆಯ ಕಥೆ ಅದು.

ಕಾಯ್ದೆಯ ಕಲಂಗಳು ಈ ನೇರ ಗೆರೆಗೆ ಒಗ್ಗುವುದಿಲ್ಲ. ಮೊದಲ ನೋಂದಣಿ ಪುಸ್ತಕಕ್ಕೆ ಯಾರು ಅರ್ಹರೆಂದು ಹೇಳುವ ಕಲಂ 31ರಲ್ಲಿ ಪದವಿ, ಡಿಪ್ಲೊಮಾದವರ ಜೊತೆಗೆ, ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಒಟ್ಟು ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಬೆರೆಸಿದವರಿಗೂ ಜಾಗವಿತ್ತು. 1959ರ ತಿದ್ದುಪಡಿ ಕಲಂ 32ಎ ಸೇರಿಸಿ, ಮೊದಲ ಸುತ್ತಿನಲ್ಲಿ ಅರ್ಜಿ ಹಾಕದೆ ತಪ್ಪಿಸಿಕೊಂಡವರಿಗೆ, ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡವರಿಗೆ ಮತ್ತೆ ಬಾಗಿಲು ತೆರೆಯಿತು. 1976ರಲ್ಲಿ ಬಂದ ಕಲಂ 32ಬಿ ಬರ್ಮಾ, ಶ್ರೀಲಂಕಾ, ಉಗಾಂಡಾಗಳಿಂದ ಮರಳಿದವರ ಪೈಕಿ ಅಲ್ಲಿ ಐದು ವರ್ಷ ಇದೇ ವೃತ್ತಿಯಲ್ಲಿದ್ದವರನ್ನು ಒಳಗೆ ತೆಗೆದುಕೊಂಡಿತು. 1969ರ ಡಿಸೆಂಬರ್ 31ಕ್ಕಿಂತ ಮುಂಚೆ ಔಷಧ ಕಾಯ್ದೆಯಡಿ ‘ಅರ್ಹ ವ್ಯಕ್ತಿ’ ಎಂದು ಒಪ್ಪಿಗೆ ಪಡೆದವರನ್ನೂ ಸೇರಿಸಿಕೊಂಡಿತು. ಜಮ್ಮು ಮತ್ತು ಕಾಶ್ಮೀರದ ವಿಕ್ರಮ ಸಂವತ್ 2011ರ ಫಾರ್ಮಸಿ ಕಾಯ್ದೆಯಡಿ ನೋಂದಣಿ ಅಥವಾ ಅರ್ಹತೆ ಪಡೆದವರಿಗಾಗಿ 2023ರಲ್ಲಿ ಕಲಂ 32ಸಿ ಬಂತು. ಕೊನೆಯದನ್ನು ಅನುಭವದ ಬಾಗಿಲು ಎನ್ನಲಾಗದು, ಅದು ಹಳೆಯ ಹಕ್ಕನ್ನು ಉಳಿಸಿಕೊಟ್ಟ ಏರ್ಪಾಡು. ಆದರೂ ನಾಲ್ಕರಲ್ಲಿ ಒಂದು ಸಮಾನ ಗುಣವಿದೆ. ಪ್ರತಿ ಬಾರಿಯೂ ಅರ್ಹತೆಯ ದಿನಾಂಕ ಹಿಂದಿನದು. ಇಂದು ಕೌಂಟರಿಗೆ ಬಂದು ನಿಂತ ಹುಡುಗ ನಾಳೆ ಯಾವ ದಾರಿಯಲ್ಲಿ ನೋಂದಣಿ ಪಡೆಯಬಹುದು ಎಂಬುದಕ್ಕೆ ಈ ಕಲಂಗಳಲ್ಲಿ ಒಂದಕ್ಷರವೂ ಇಲ್ಲ.

ಬೇರೆ ದೇಶಗಳು ಈ ಹುಡುಗನಿಗೆ ಬೇರೆ ಹೆಸರು ಕೊಟ್ಟವು. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಫಾರ್ಮಸಿ ಟೆಕ್ನಿಷಿಯನ್ ಪ್ರಮಾಣೀಕರಣ ಮಂಡಳಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಕೆಲಸಕ್ಕೆ ಅನುಮತಿ ಕೊಡುವುದು ಮಾತ್ರ ಆಯಾ ರಾಜ್ಯದ ಫಾರ್ಮಸಿ ಮಂಡಳಿ. ಅನುಮತಿಯೇ ಇಲ್ಲದಿದ್ದಾಗ ಏನಾಗಬಹುದು ಎಂಬುದಕ್ಕೆ ಅಲ್ಲಿ ಪದೇಪದೇ ಎತ್ತಿ ಹೇಳುವ ನಿದರ್ಶನ ಒಹಾಯೊ ರಾಜ್ಯದ್ದು. 2006ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಎಮಿಲಿ ಜೆರ‍್ರಿ ಎಂಬ ಎರಡು ವರ್ಷದ ಮಗುವಿನ ಕ್ಯಾನ್ಸರ್ ಔಷಧವನ್ನು ಶೇ. 23.4ರಷ್ಟು ಗಾಢ ಉಪ್ಪುದ್ರಾವಣದಲ್ಲಿ ಕಲಸಲಾಯಿತು. ಮಗು ತೀರಿಕೊಂಡಿತು. ಪರಿಶೀಲಿಸಿ ಒಪ್ಪಿಗೆ ಕೊಟ್ಟಿದ್ದ ಫಾರ್ಮಾಸಿಸ್ಟ್ ಲೈಸೆನ್ಸ್ ಕಳೆದುಕೊಂಡು 2009ರಲ್ಲಿ ಜೈಲಿಗೆ ಹೋದರು. ಕಲಸಿದ ಟೆಕ್ನಿಷಿಯನ್‌ಗೆ ಕಳೆದುಕೊಳ್ಳಲು ಲೈಸೆನ್ಸೇ ಇರಲಿಲ್ಲ. ಮಗುವಿನ ಹೆಸರಿನ ಕಾನೂನು ಆಮೇಲೆ ಬಂತು. ಬ್ರಿಟನ್ನಿನಲ್ಲಿ 2011ರ ಜುಲೈ 1ರಿಂದ ಟೆಕ್ನಿಷಿಯನ್‌ಗೆ ನೋಂದಣಿ ಕಡ್ಡಾಯ. ಅದಕ್ಕೆ ಮುನ್ನ, ಆಗಲೇ ಕೆಲಸದಲ್ಲಿದ್ದವರಿಗೆ ಅನುಭವದ ಮೇಲೆ ಸೇರಲು ಸಂಕ್ರಮಣಾವಧಿ ಕೊಡಲಾಗಿತ್ತು. ನಮ್ಮ ಕಲಂ 31 ಮಾಡಿದ್ದೂ ಅದನ್ನೇ. ಅವರ ಬಾಗಿಲು ಮುಚ್ಚುವ ಹೊತ್ತಿಗೆ ತರಬೇತಿಯ ಮೂಲಕ ಸೇರುವ ಖಾಯಂ ದಾರಿ ಸಿದ್ಧವಿತ್ತು ಎಂಬುದಷ್ಟೇ ವ್ಯತ್ಯಾಸ.

ಇನ್ನು ವಿವಾದದ ಬಿಂದು.

ಫಾರ್ಮಸಿ ಕಾಯ್ದೆಯ ಕಲಂ 42 ಹೇಳುವುದಿಷ್ಟು: ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸುವುದು, ತಯಾರಿಸುವುದು, ವಿತರಿಸುವುದು ನೋಂದಾಯಿತ ಫಾರ್ಮಾಸಿಸ್ಟ್ ಬಿಟ್ಟು ಬೇರಾರೂ ಮಾಡುವಂತಿಲ್ಲ. ಜಾರಿಯ ದಿನಾಂಕವನ್ನು ಮೊದಲು ರಾಜ್ಯಗಳಿಗೆ ಬಿಡಲಾಗಿತ್ತು. ದಿನಾಂಕ ಗೊತ್ತುಮಾಡದ ರಾಜ್ಯಗಳಿಗೆ 1976ರ ತಿದ್ದುಪಡಿ ಐದು ವರ್ಷದ ಗಡುವು ಹಾಕಿತು. 1982ರಲ್ಲಿ ಅದನ್ನು ಎಂಟಕ್ಕೆ ಏರಿಸಲಾಯಿತು. ಹಾಗಾಗಿ ಆ ರಾಜ್ಯಗಳಲ್ಲಿ ಕಲಂ 42 ಹಲ್ಲು ಪಡೆದದ್ದು 1984ರ ಸೆಪ್ಟೆಂಬರ್ 1ರಂದು, ಕಾಯ್ದೆ ಹುಟ್ಟಿ 36 ವರ್ಷಗಳ ಬಳಿಕ. ಇತ್ತ ಔಷಧ ನಿಯಮಗಳ ನಿಯಮ 65(2)ರ ಪ್ರಕಾರ ಚೀಟಿಯ ಮೇಲಿನ ಔಷಧದ ಪೂರೈಕೆ ನೋಂದಾಯಿತ ಫಾರ್ಮಾಸಿಸ್ಟರಿಂದ ‘ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ’ ನಡೆಯಬೇಕು. ಕಲಂನಲ್ಲಿ ಒಬ್ಬರೇ ಇದ್ದಾರೆ, ನಿಯಮದಲ್ಲಿ ಇಬ್ಬರು.

ಎರಡನ್ನೂ ಹೊಂದಿಸಿಕೊಂಡು ಓದುವವರ ವಾದ ಸರಳ. ಮೇಲ್ವಿಚಾರಣೆಯಲ್ಲಿ ಕೊಟ್ಟದ್ದು ಫಾರ್ಮಾಸಿಸ್ಟರೇ ಕೊಟ್ಟಂತೆ, ಸಹಾಯಕ ಅವರ ಕೈಯಷ್ಟೇ. ಕೇಳಲು ಒಪ್ಪುವಂತಿದ್ದರೂ ಈ ಓದಿಗೆ ಮೂರು ತೊಡಕುಗಳಿವೆ. ವಿನಾಯಿತಿ ಬೇಕೆನಿಸಿದಲ್ಲಿ ಕಲಂ 42 ಅದನ್ನು ಬಾಯಿಬಿಟ್ಟು ಹೇಳಿದೆ. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಔಷಧ ಕೊಡಬಹುದು ಎಂಬುದು ಅಲ್ಲೇ ಬರೆದಿದೆ. ಸಹಾಯಕರ ಮಾತು ಅಲ್ಲಿಲ್ಲ. ಮುಂದಿನ ತೊಡಕು, ನಿಯಮ 65 ಹುಟ್ಟಿದ್ದು ಬೇರೆ ಕಾಯ್ದೆಯಡಿ. ಆ ಕಾಯ್ದೆಯ ಕಲಂ 2, ತಾನು ಜಾರಿಯಲ್ಲಿರುವ ಇತರ ಕಾನೂನುಗಳಿಗೆ ಪೂರಕವೇ ಹೊರತು ಅವುಗಳನ್ನು ಕುಂದಿಸುವಂಥದ್ದಲ್ಲ ಎನ್ನುತ್ತದೆ. ಅಂದಮೇಲೆ ಅದರಡಿಯ ನಿಯಮ ಫಾರ್ಮಸಿ ಕಾಯ್ದೆಯ ನಿಷೇಧವನ್ನು ಸಡಿಲಿಸಲಾರದು. ಮೂರನೆಯದು 2015ರ ಫಾರ್ಮಸಿ ವೃತ್ತಿ ನಿಬಂಧನೆಗಳು. ವಿತರಣೆ ಎಂದರೆ ಚೀಟಿಯನ್ನು ಅರ್ಥೈಸಿ ತೂಗಿ ನೋಡುವುದಷ್ಟೇ ಅಲ್ಲ, ಔಷಧ ಸಿದ್ಧಪಡಿಸಿ ರೋಗಿಯ ಕೈಗೆ ತಲುಪಿಸುವುದೂ ಅದರಲ್ಲಿ ಸೇರಿದೆ ಎಂದು ಅಲ್ಲಿ ವಿವರಿಸಿದೆ. ‘ತಲೆ ಫಾರ್ಮಾಸಿಸ್ಟರದು, ಕೈ ಸಹಾಯಕನದು’ ಎಂಬ ವಿಂಗಡಣೆಗೆ ಇಲ್ಲಿ ಜಾಗವಿಲ್ಲ.

ಹಾಗಾದರೆ ಕಟ್ಟುನಿಟ್ಟಿನ ಓದೇ ಗೆದ್ದಿತೆ? ಅದಕ್ಕೂ ಒಂದು ಅಡ್ಡಿಯಿದೆ, ಮತ್ತು ಅದು ಬಂದಿರುವುದು ಹೊರಗಿನಿಂದಲ್ಲ. ಫಾರ್ಮಸಿ ಕಾಯ್ದೆಯಡಿಯೇ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ಶಿಕ್ಷಣ ನಿಬಂಧನೆಗಳನ್ನು ನೋಡಬೇಕು. ಎರಡು ವರ್ಷ ಓದಿದ ಡಿ.ಫಾರ್ಮ ವಿದ್ಯಾರ್ಥಿ ನೋಂದಣಿಗೆ ಮುಂಚೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಬೇಕು. ಅದರಲ್ಲಿ ಕನಿಷ್ಠ 250 ಗಂಟೆ ಚೀಟಿಗಳ ಮೇಲೆ ಔಷಧ ವಿತರಿಸುವ ಕೆಲಸ. ಆ 250 ಗಂಟೆಗಳಲ್ಲಿ ಅವರು ನೋಂದಾಯಿತರಲ್ಲ. ಕಲಂ 42ನ್ನು ಅಕ್ಷರಶಃ ಓದಿದರೆ, ಫಾರ್ಮಾಸಿಸ್ಟ್ ಆಗಬಯಸುವ ಪ್ರತಿಯೊಬ್ಬರೂ ಅಪರಾಧ ಮಾಡದೆ ಫಾರ್ಮಾಸಿಸ್ಟ್ ಆಗಲಾರರು. ಕಾಯ್ದೆಗೆ ಇಂಥ ಅರ್ಥ ಹಚ್ಚುವುದು ಯಾವ ವ್ಯಾಖ್ಯಾನದ ಸೂತ್ರಕ್ಕೂ ಹೊಂದದು.

ಅದೇ ನಿಬಂಧನೆಗಳಲ್ಲಿ ಇನ್ನೊಂದು ಸಾಲಿದೆ. ತರಬೇತಿಯ ಜಾಗದಲ್ಲಿ ಒಬ್ಬ ನೋಂದಾಯಿತ ಫಾರ್ಮಾಸಿಸ್ಟ್ ಇದ್ದರೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು, ಹೆಚ್ಚಿನ ಪ್ರತಿ ಫಾರ್ಮಾಸಿಸ್ಟ್‌ಗೆ ಒಬ್ಬ ವಿದ್ಯಾರ್ಥಿಯಂತೆ ಸೇರಿಸಬಹುದು. ಅಮೆರಿಕದ ಹಲವು ರಾಜ್ಯಗಳು ಒಬ್ಬ ಫಾರ್ಮಾಸಿಸ್ಟ್‌ಗೆ ಇಂತಿಷ್ಟೇ ಟೆಕ್ನಿಷಿಯನ್ ಎಂದು ಗೊತ್ತುಮಾಡುವುದೂ ಇದೇ ಬಗೆಯ ಲೆಕ್ಕದಿಂದ. ಅಲ್ಲಿನ ಪ್ರಮಾಣೀಕರಣ ಮಂಡಳಿ 2020ರಿಂದ ಮಾನ್ಯ ತರಬೇತಿಗೆ ಬದಲಾಗಿ ಒಪ್ಪುವ ಕೆಲಸದ ಅನುಭವ ಕೂಡ 500 ಗಂಟೆಯೇ. ಸಂಖ್ಯೆ ತಾಳೆಯಾದದ್ದು ಆಕಸ್ಮಿಕ, ಅದರ ಮೇಲೆ ಏನನ್ನೂ ಕಟ್ಟಬೇಕಿಲ್ಲ. ಗಮನಿಸಬೇಕಾದದ್ದು ರಚನೆಯನ್ನು: ಹೊಣೆ ಹೊತ್ತ ಒಬ್ಬರು, ಅವರ ಕೆಳಗೆ ಎಣಿಕೆಗೆ ಸಿಗುವ ಸಹಾಯಕರು, ಇಷ್ಟು ಗಂಟೆ, ಇಂಥದೇ ಕೆಲಸ.

ಇಷ್ಟರ ಮೇಲೆ ಒಂದು ಮಾತು ಹೇಳಬಹುದು. ಭಾರತದ ಕಾನೂನಿನಲ್ಲಿ ಫಾರ್ಮಸಿ ಟೆಕ್ನಿಷಿಯನ್ ಇದ್ದಾನೆ, ಆದರೆ ಮೂರು ತಿಂಗಳ ಮಟ್ಟಿಗೆ, ವಿದ್ಯಾರ್ಥಿಯ ಹೆಸರಿನಲ್ಲಿ. ಮೇಲ್ವಿಚಾರಣೆಯಲ್ಲಿ ಔಷಧ ವಿತರಿಸುವುದು ಫಾರ್ಮಸಿ ಕಾಯ್ದೆಗೆ ಅಪರಿಚಿತವಲ್ಲ. ಮುಂದೆ ತಾನೇ ಫಾರ್ಮಾಸಿಸ್ಟ್ ಆಗಲಿರುವವರಿಗೆ ಮಾತ್ರ ಅದು ಸಲ್ಲುತ್ತದೆ.

ಈ ಮಾತನ್ನು ಎಷ್ಟು ದೂರ ಎಳೆಯಬಹುದು ಎಂಬಲ್ಲಿ ಎಚ್ಚರ ಬೇಕು. ಶಿಕ್ಷಣ ನಿಬಂಧನೆಯೂ ಅಧೀನ ಶಾಸನವೇ, ಕಲಂ 42ರ ಅರ್ಥವನ್ನು ಅದೊಂದೇ ಬದಲಿಸಲಾರದು. ಶಾಸಕಾಂಗದ ಇಂಗಿತ ಏನಿದ್ದಿರಬಹುದು ಎಂಬುದಕ್ಕೆ ಅದು ಸುಳಿವು ಮಾತ್ರ. ವಿದ್ಯಾರ್ಥಿಯ ಮೇಲ್ವಿಚಾರಣೆ ಕಲಿಕೆಯ ಸಲುವಾಗಿ, ಅಂಗಡಿಯ ಸಹಾಯಕನದು ವ್ಯಾಪಾರದ ಸಲುವಾಗಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ನ್ಯಾಯಾಲಯಗಳ ಒಲವೂ ಕಟ್ಟುನಿಟ್ಟಿನ ಕಡೆಗೇ ಇದೆ. ಬಿಹಾರದಲ್ಲಿ ನೋಂದಾಯಿತ ಫಾರ್ಮಾಸಿಸ್ಟರಿಲ್ಲದೆ ಆಸ್ಪತ್ರೆ, ಔಷಧಾಲಯಗಳು ನಡೆಯುತ್ತಿವೆ ಎಂಬ ದೂರನ್ನು 2022ರ ನವೆಂಬರ್‌ನಲ್ಲಿ ಗಂಭೀರವಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್, ಅದನ್ನು ಹಗುರವಾಗಿ ವಿಲೇವಾರಿ ಮಾಡಿದ್ದ ಹೈಕೋರ್ಟ್ ಆದೇಶವನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು. ಆದರೆ ಅಲ್ಲಿ ಎದುರಿಗಿದ್ದದ್ದು ಫಾರ್ಮಾಸಿಸ್ಟರೇ ಇಲ್ಲದ ಸ್ಥಿತಿ. ಫಾರ್ಮಾಸಿಸ್ಟ್ ಪಕ್ಕದಲ್ಲೇ ನಿಂತಿದ್ದು ಸಹಾಯಕ ಔಷಧ ಕೊಟ್ಟ ಸಂದರ್ಭವಲ್ಲ.

ಕಾನೂನು ಕೌಂಟರನ್ನು ಎಲ್ಲೆಡೆ ಒಂದೇ ಬಿಗಿಯಲ್ಲಿ ಹಿಡಿದಿದೆ ಎಂದೂ ತಿಳಿಯಬೇಕಿಲ್ಲ. ಫಾರ್ಮಾಸಿಸ್ಟ್ ಅಗತ್ಯವಿಲ್ಲದ ಔಷಧಗಳನ್ನಷ್ಟೇ ಮಾರುವವರಿಗೆ 20ಎ, 21ಎ ನಮೂನೆಯ ನಿರ್ಬಂಧಿತ ಲೈಸೆನ್ಸ್ ಇದೆ. ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್, ಗ್ರೈಪ್ ವಾಟರ್‌ನಂಥ ಮನೆಮದ್ದಿನ ಸರಕು ಮಾರಲು ಅನುಸೂಚಿ ‘ಕೆ’ ಲೈಸೆನ್ಸನ್ನೂ ಕೇಳುವುದಿಲ್ಲ. ಅಂದರೆ ಕಾನೂನು ಔಷಧಗಳನ್ನು ದರ್ಜೆವಾರು ವಿಂಗಡಿಸಿದೆ, ಊರುಗಳನ್ನು ವಿಂಗಡಿಸಿದೆ, ಅಂಗಡಿಗಳ ಬೋರ್ಡಿನ ಮೇಲೆ ಏನು ಬರೆಸಬಹುದು ಎಂಬುದನ್ನೂ ವಿಂಗಡಿಸಿದೆ. ಕೆಲಸಗಾರರನ್ನು ಮಾತ್ರ ವಿಂಗಡಿಸಿಲ್ಲ. ನೋಂದಣಿ ಉಂಟು, ಇಲ್ಲ ಎಂಬ ಎರಡೇ ಮನೆ.

ಆ ಎರಡು ಮನೆಗಳ ನಡುವೆ ಈಗ ಹೊಸದೊಂದು ಜಗುಲಿ ಎದ್ದಿದೆ. ಫಾರ್ಮಸಿ ಪರಿಷತ್ತು 2022ರ ಫೆಬ್ರವರಿಯಲ್ಲಿ ಡಿ.ಫಾರ್ಮ ನಿರ್ಗಮನ ಪರೀಕ್ಷೆಯ ನಿಬಂಧನೆಗಳನ್ನು ಹೊರಡಿಸಿತು. ಬಹು ಆಯ್ಕೆಯ ಪ್ರಶ್ನೆಗಳ ಮೂರು ಪತ್ರಿಕೆ, ಇಂಗ್ಲಿಷ್ ಮಾಧ್ಯಮ, ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ. 50 ಅಂಕ, ಮೂರನ್ನೂ ಒಂದೇ ಯತ್ನದಲ್ಲಿ ದಾಟಬೇಕು. ಯತ್ನಗಳ ಸಂಖ್ಯೆಗೆ ಮಿತಿಯಿಲ್ಲ. ಬಿ.ಫಾರ್ಮ ಪದವೀಧರರಿಗೆ ಇದು ಅನ್ವಯವಾಗದು. ಕರ್ನಾಟಕದಲ್ಲಿ ಇದರ ಅರ್ಥ ಸ್ವಲ್ಪ ವಿಚಿತ್ರ. ಇಲ್ಲಿ ಡಿ.ಫಾರ್ಮ ಪರೀಕ್ಷೆ ನಡೆಸುತ್ತ ಬಂದಿರುವುದು ವಿಶ್ವವಿದ್ಯಾಲಯವಲ್ಲ, ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಪ್ರಾಧಿಕಾರ. ಅಂಗಡಿಗಳಿಗೆ ಲೈಸೆನ್ಸ್ ಕೊಡುವ ಇಲಾಖೆಯೇ ಪರೀಕ್ಷಿಸಿ ತೇರ್ಗಡೆ ಮಾಡಿದವರನ್ನು ಮತ್ತೆ ಪರೀಕ್ಷಿಸಿದ ಮೇಲೆಯೇ ಬೆಂಗಳೂರಿನ ರಾಜ್ಯ ಫಾರ್ಮಸಿ ಪರಿಷತ್ತು ನೋಂದಾಯಿಸಬೇಕು. 1948ರಿಂದ ಕಾಯ್ದೆ ಅನುಭವವನ್ನು ಸಂಶಯದಿಂದ ನೋಡಿತ್ತು. ಡಿಪ್ಲೊಮಾವನ್ನೇ ಸಂಶಯದಿಂದ ನೋಡಿದ್ದು ಇದೇ ಮೊದಲು.

ಡಿಪ್ಲೊಮಾ ಮುಗಿದು, 500 ಗಂಟೆ ತರಬೇತಿಯೂ ಮುಗಿದು, ನಿರ್ಗಮನ ಪರೀಕ್ಷೆ ಮಾತ್ರ ಬಾಕಿಯಿರುವವರು ಈಗ ಯಾರು? ವಿದ್ಯಾರ್ಥಿಯಲ್ಲ, ಫಾರ್ಮಾಸಿಸ್ಟರೂ ಅಲ್ಲ. ತರಬೇತಿಯ ಮೂರು ತಿಂಗಳಲ್ಲಿ ಅವರು ಕಾನೂನುಬದ್ಧವಾಗಿ ಮಾಡಿದ ಕೆಲಸವನ್ನು ನಾಲ್ಕನೆಯ ತಿಂಗಳಲ್ಲಿ, ಅದೇ ಕೌಂಟರಿನಲ್ಲಿ, ಅದೇ ಫಾರ್ಮಾಸಿಸ್ಟರ ಎದುರು ಮುಂದುವರಿಸಬಹುದೆ? ನಿಯಮ 65(2) ಹೌದೆನ್ನುತ್ತದೆ, ಕಲಂ 42 ಇಲ್ಲವೆನ್ನುತ್ತದೆ. 2023ರ ಜನವಿಶ್ವಾಸ ಕಾಯ್ದೆ ಕಲಂ 42ರ ದಂಡವನ್ನು ಸಾವಿರ ರೂಪಾಯಿಯಿಂದ ಎರಡು ಲಕ್ಷದವರೆಗೆ ಏರಿಸಿ, ಜೈಲುವಾಸವನ್ನು ಆರು ತಿಂಗಳಿಂದ ಮೂರಕ್ಕೆ ಇಳಿಸಿದೆ. ಹಾಗಾಗಿ ಈ ಪ್ರಶ್ನೆಯನ್ನು ಪುಸ್ತಕದ ಪ್ರಶ್ನೆ ಎಂದು ಬದಿಗಿಡುವಂತಿಲ್ಲ. ಟೆಕ್ನಿಷಿಯನ್ ಎಂಬ ದರ್ಜೆಯನ್ನು ಸೃಷ್ಟಿಸುವುದಾದರೆ ಇಲಾಖೆಯ ಸುತ್ತೋಲೆಯಾಗಲಿ ನಿಯಮದ ತಿದ್ದುಪಡಿಯಾಗಲಿ ಸಾಲದು, ಕಲಂ 42ಕ್ಕೇ ಸಂಸತ್ತು ಒಂದು ವಿನಾಯಿತಿ ಸೇರಿಸಬೇಕಾಗುತ್ತದೆ.

ಇನ್ನೊಂದು ಕೆಲಸ ದಾಖಲೆಗಳ ಕೋಣೆಯಲ್ಲಿ ಬಾಕಿಯಿದೆ. ಕಲಂ 31ರ ಯಾವ ಖಂಡದಡಿ ಎಷ್ಟು ಮಂದಿ ಮೊದಲ ನೋಂದಣಿ ಪುಸ್ತಕಗಳನ್ನು ಸೇರಿದರು ಎಂದು ಖಂಡವಾರು ಎಣಿಸಿದರೆ, ಐದು ವರ್ಷದ ಅನುಭವದ ಬಾಗಿಲು ಎಷ್ಟು ಅಗಲವಾಗಿತ್ತು ಎಂಬುದು ತಿಳಿಯುತ್ತದೆ. 1956ಕ್ಕೆ ಮುಂಚೆ ಧಾರವಾಡದ ಕಾಂಪೌಂಡರ್ ಮುಂಬಯಿ ಆಡಳಿತಕ್ಕೆ, ಮಂಗಳೂರಿನವರು ಮದ್ರಾಸಿಗೆ, ಕಲಬುರಗಿಯವರು ಹೈದರಾಬಾದಿಗೆ, ಮಂಡ್ಯದವರು ಮೈಸೂರಿಗೆ ಸೇರಿದ್ದರು. ನೋಂದಣಿಯ ಅಧ್ಯಾಯಗಳನ್ನು ಜಾರಿಗೆ ತರುವ ದಿನಾಂಕವನ್ನು ಆಯಾ ಸರ್ಕಾರಗಳೇ ಗೊತ್ತುಮಾಡಬೇಕಿದ್ದುದರಿಂದ, ಒಂದೇ ಬಗೆಯ ಅನುಭವಕ್ಕೆ ಈ ನಾಲ್ಕು ಕಡೆ ನಾಲ್ಕು ಬಗೆಯ ಫಲ ಸಿಕ್ಕಿರಬಹುದು.