ನ್ಯೂಪೋರ್ಟಿನ ಕರಾರುಪತ್ರ

ನಮ್ಮ ತಾತನವರ ದಿನಸಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕಕ್ಕೆ ಬೆಲ್ಲದ ಚೂರುಗಳ ಡಬ್ಬಿಯೊಂದು ಇರುತ್ತಿತ್ತು. ಸಾಮಾನು ಕೊಂಡವರ ಮಕ್ಕಳ ಕೈಗೆ ಒಂದು ಚೂರು; ದೊಡ್ಡವರಿಗೆ ತೂಕದ ಮೇಲೆ ಒಂದು ಹಿಡಿ ಬೇಳೆ. ಇದಕ್ಕೆ ಕೊಸರು ಎಂದು ಹೆಸರು. ಈ ಒಂದು ಮಾತಿನ ಮೇಲೆ ತರಗತಿಯಲ್ಲಿ ಅರ್ಧ ಗಂಟೆ ಕಳೆದು, ಪಾಠ ಮುಗಿಯದೆ ಹೋದದ್ದೂ ಉಂಟು. ಅದಿರಲಿ. ಮಳಿಗೆ ಬಾಡಿಗೆಯದು. ಕರಾರಿನ ಅವಧಿ ತೀರಿದಾಗ ಮಾಲೀಕರು ತಮ್ಮ ಮಗನಿಗೆ ಬೇಕೆಂದರು. ತಾತ ಬಿಟ್ಟುಕೊಟ್ಟರು, ಮತ್ತೆ ಅಂಗಡಿ ಇಡಲಿಲ್ಲ.

ಇದು ನಮ್ಮ ಮನೆಗೆ ಮಾತ್ರ ಬಂದ ಗ್ರಹಚಾರವೆಂದು ಬಹುಕಾಲ ನಂಬಿದ್ದೆ. ವಾಲ್‌ಮಾರ್ಟ್ ಅಂಗಡಿಗಳ ಸ್ಥಾಪಕನಾದ ಸ್ಯಾಮ್ ವಾಲ್ಟನ್ನನ ಚರಿತ್ರೆಯನ್ನು ಓದಿದಾಗ, ಅದೇ ಗ್ರಹಚಾರ ಅಮೆರಿಕೆಯ ಆರ್ಕನ್ಸಾ ಸಂಸ್ಥಾನದ ನ್ಯೂಪೋರ್ಟ್ ಎಂಬ ಸಣ್ಣ ಊರಿಗೂ ಹೋಗಿತ್ತೆಂದು ತಿಳಿಯಿತು.

1945ರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿದ ವಾಲ್ಟನ್ನನಿಗೆ 27 ವರ್ಷ. ತನ್ನ ಉಳಿತಾಯ 5,000 ಡಾಲರು, ಮಾವ ಕೊಟ್ಟ ಸಾಲ 20,000. ಇಷ್ಟನ್ನು ಸುರಿದು ಅಲ್ಲಿ ಬೆನ್ ಫ್ರಾಂಕ್ಲಿನ್ ಎಂಬ ಹೆಸರಿನ ಚಿಲ್ಲರೆ ಅಂಗಡಿಯೊಂದನ್ನು ಕೊಂಡ. ಆ ಹೆಸರಿನ ಒಡೆಯರು ಬಟ್ಲರ್ ಬ್ರದರ್ಸ್ ಎಂಬ ಸಗಟು ವ್ಯಾಪಾರಿಗಳು. ಸರಕನ್ನು ಬಹುಪಾಲು ಅವರಿಂದಲೇ ತರಿಸಬೇಕೆಂಬ ಕಟ್ಟಳೆ. ವಾಲ್ಟನ್ನನಿಗೆ ಕಟ್ಟಳೆ ಹಿಡಿಸಲಿಲ್ಲ. ತಾನೇ ಅಲೆದು ಅಗ್ಗದ ಸರಕನ್ನು ಹುಡುಕಿದ.

ಇಲ್ಲಿ ಓದುಗರು ಒಂದು ಸಣ್ಣ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಮುಂದಿನ ಸಾಮ್ರಾಜ್ಯವೆಲ್ಲ ಈ ಲೆಕ್ಕದ ಬುಡದಿಂದಲೇ ಚಿಗುರಿತು. ಹೆಂಗಸರ ಒಳಉಡುಪು ಬಟ್ಲರ್‌ನಲ್ಲಿ ಡಜನ್ನಿಗೆ ಎರಡೂವರೆ ಡಾಲರು. ಮಾರುತ್ತಿದ್ದುದು ಡಾಲರಿಗೆ ಮೂರರಂತೆ. ಡಜನ್ನಿಗೆ ಲಾಭ ಒಂದೂವರೆ ಡಾಲರು. ನ್ಯೂಯಾರ್ಕಿನ ದಲ್ಲಾಳಿಯೊಬ್ಬ ಅದೇ ಸರಕನ್ನು ಎರಡು ಡಾಲರಿಗೆ ಕೊಟ್ಟ. ಉಳಿದವರಾಗಿದ್ದರೆ ಉಳಿತಾಯದ ಅರ್ಧ ಡಾಲರನ್ನು ಕಿಸೆಗೆ ಹಾಕುತ್ತಿದ್ದರು. ವಾಲ್ಟನ್ ಡಾಲರಿಗೆ ನಾಲ್ಕರಂತೆ ಮಾರಿದ. ಡಜನ್ನಿನ ಲಾಭ ಒಂದು ಡಾಲರಿಗೆ ಇಳಿಯಿತು. ಮಾರಾಟವಾದ ಡಜನ್ನುಗಳು ಎಷ್ಟೋ ಪಟ್ಟು ಏರಿದವು. ನಮ್ಮ ತಾತ ಕೈಗೆ ಹಾಕುತ್ತಿದ್ದ ಕೊಸರನ್ನು ಈತ ಬೆಲೆಯೊಳಗೇ ಇಳಿಸಿಬಿಟ್ಟನೆಂದು ನನಗೆ ತೋರುತ್ತದೆ.

ಐದು ವರ್ಷದಲ್ಲಿ ಅಂಗಡಿಯ ವಹಿವಾಟು 72,000 ಡಾಲರಿನಿಂದ ಎರಡೂವರೆ ಲಕ್ಷಕ್ಕೆ ಮುಟ್ಟಿತು. ಮಳಿಗೆಯ ಮಾಲೀಕನೂ ಅದನ್ನು ನೋಡುತ್ತಿದ್ದ. ಕರಾರುಪತ್ರದಲ್ಲಿ ಅವಧಿಯನ್ನು ಮುಂದುವರಿಸುವ ಹಕ್ಕಿನ ಷರತ್ತನ್ನು ಬರೆಸುವುದನ್ನು ವಾಲ್ಟನ್ ಮರೆತಿದ್ದ. ಮಾಲೀಕನಿಗೆ ತನ್ನ ಮಗನನ್ನು ವ್ಯಾಪಾರಕ್ಕೆ ಕೂರಿಸುವ ಆಸೆ. 1950ರಲ್ಲಿ ವಾಲ್ಟನ್ ಅಂಗಡಿಯನ್ನು ಅವರಿಗೇ ಮಾರಿ, ಹೆಂಡತಿ ಹೆಲೆನ್ ಹಾಗೂ ನಾಲ್ವರು ಮಕ್ಕಳೊಡನೆ ಊರು ಬಿಟ್ಟ. ಸೇರಿದ್ದು ಮೂರು ಸಾವಿರ ಜನರ ಬೆಂಟನ್‌ವಿಲ್. ಅಲ್ಲಿ ಅಂಗಡಿಯನ್ನು ದೊಡ್ಡದು ಮಾಡಲು ಪಕ್ಕದ ಕ್ಷೌರದಂಗಡಿಯ ಮಳಿಗೆಯನ್ನು ಹಿಡಿದಾಗ, ಈ ಸಲದ ಕರಾರು 99 ವರ್ಷಕ್ಕೆ!

ಇಷ್ಟಾದರೂ ಸೋಡಿ ದರದ ದೊಡ್ಡ ಅಂಗಡಿ ಆತನೊಬ್ಬನ ಕನಸಲ್ಲ. 1962 ಒಂದೇ ವರ್ಷದಲ್ಲಿ ಮಾರ್ಚಿಯಲ್ಲಿ ಮಿಷಿಗನ್ನಿನಲ್ಲಿ ಕೆ-ಮಾರ್ಟ್, ಮೇಯಲ್ಲಿ ಮಿನೆಸೋಟದಲ್ಲಿ ಟಾರ್ಗೆಟ್, ಜುಲೈ 2ರಂದು ಆರ್ಕನ್ಸಾದ ರಾಜರ್ಸ್‌ನಲ್ಲಿ ವಾಲ್‌ಮಾರ್ಟ್ ಬಾಗಿಲು ತೆರೆದವು. ಬಟ್ಲರ್‌ನವರು ತಮ್ಮ ಸಗಟು ಲಾಭವನ್ನು ಇಳಿಸಲು ಒಪ್ಪದೆ ಹೋದುದರಿಂದ ವಾಲ್ಟನ್ ಮನೆಯನ್ನೇ ಅಡವಿಟ್ಟು ಇಳಿದಿದ್ದ. ಕೆ-ಮಾರ್ಟಿನ ಹ್ಯಾರಿ ಕನಿಂಗ್‌ಹ್ಯಾಮ್ ಹಾಗಲ್ಲ. ಆತನ ಬೆನ್ನಿಗೆ ಕ್ರೆಸ್ಗೆ ಎಂಬ ಹಳೆಯ ಶ್ರೀಮಂತ ಸಂಸ್ಥೆಯಿತ್ತು. ವಾಲ್ಟನ್ನನ ಎರಡನೆಯ ವಾಲ್‌ಮಾರ್ಟ್ 1964ರಲ್ಲಿ ಹ್ಯಾರಿಸನ್‌ನಲ್ಲಿ ತೆರೆಯಿತು. ಅಂಗಳದಲ್ಲಿ ಪೇರಿಸಿದ ಕಲ್ಲಂಗಡಿಗಳು ಬಿಸಿಲಿಗೆ ಒಡೆದು, ಮಕ್ಕಳ ಸವಾರಿಗೆಂದು ತಂದ ಕತ್ತೆಗಳ ಲದ್ದಿಯೊಡನೆ ರಸ ಬೆರೆತು ಹರಿಯಿತಂತೆ. ಅದನ್ನು ನೋಡಿ ಮೂಗು ಮುರಿದ ಡೇವಿಡ್ ಗ್ಲಾಸ್ ಎಂಬಾತನೇ 1988ರಲ್ಲಿ ಆ ಸಂಸ್ಥೆಯ ಮುಖ್ಯಾಧಿಕಾರಿಯಾದ.

ಬೇರೆಯವರು ತಿರುಗಿ ನೋಡದ ಸಣ್ಣ ಊರುಗಳನ್ನೇ ವಾಲ್ಟನ್ ಆರಿಸಿದ. ತಾನೇ ಸಣ್ಣ ವಿಮಾನ ನಡೆಸಿಕೊಂಡು ಮೇಲಿನಿಂದ ರಸ್ತೆ, ಮನೆಗಳ ಬೆಳವಣಿಗೆಯನ್ನು ನೋಡಿ ಜಾಗ ಗೊತ್ತುಮಾಡುತ್ತಿದ್ದ. ಉಗ್ರಾಣದಿಂದ ಲಾರಿ ಒಂದು ದಿನದಲ್ಲಿ ಮುಟ್ಟುವಷ್ಟು ದೂರದಲ್ಲಿಯೇ ಅಂಗಡಿಗಳು. 1970ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ ಸಾಲ ತೀರಿಸಿದ. 1990ರ ಹೊತ್ತಿಗೆ ಅಮೆರಿಕೆಯ ಚಿಲ್ಲರೆ ವ್ಯಾಪಾರದಲ್ಲಿ ಮೊದಲ ಸ್ಥಾನ. 1992ರಲ್ಲಿ ಆತ ತೀರಿಕೊಂಡ. ಹತ್ತು ವರ್ಷದ ಮೇಲೆ ಕೆ-ಮಾರ್ಟ್ ದಿವಾಳಿಯ ಅರ್ಜಿ ಹಾಕಿತು.

ಆ ಸೋಡಿಯ ಭಾರವನ್ನು ಹೊತ್ತವರಲ್ಲಿ ಅಂಗಡಿಯ ನೌಕರರೂ ಸೇರಿದ್ದರು. ಮೊದಮೊದಲು ಸಂಬಳದಲ್ಲಿ ತಾನು ಜಿಪುಣನಾಗಿದ್ದೆನೆಂದು ವಾಲ್ಟನ್ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ನೌಕರರಿಗೆಲ್ಲ ಲಾಭದ ಪಾಲು ಹಂಚುವ ಏರ್ಪಾಡು 1971ರದು. ಊರ ನಡುವಣ ಹಳೆಯ ಅಂಗಡಿಗಳು ಬಾಗಿಲು ಹಾಕಿದ್ದಕ್ಕೆ ಮಾತ್ರ ಆತನಲ್ಲಿ ಅಷ್ಟು ಮರುಕ ಕಾಣುವುದಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟಿನ ನೂರಕ್ಕೆ 77ರಷ್ಟು ಪಾಲನ್ನು 2018ರಲ್ಲಿ 1,600 ಕೋಟಿ ಡಾಲರಿಗೆ ಕೊಂಡದ್ದು ಇದೇ ವಾಲ್‌ಮಾರ್ಟ್.

ನ್ಯೂಪೋರ್ಟಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1969ರಲ್ಲಿ ವಾಲ್ಟನ್ ಆ ಊರಿಗೆ ಹಿಂತಿರುಗಿ ತನ್ನ 18ನೆಯ ವಾಲ್‌ಮಾರ್ಟ್ ಅಂಗಡಿಯನ್ನು ತೆರೆದ. ಮಾಲೀಕನ ಮಗನ ಅಂಗಡಿ ಬಹುಕಾಲ ನಿಲ್ಲಲಿಲ್ಲ. ಅದನ್ನು ಮುಚ್ಚಿಸಿದವರು ಗಿರಾಕಿಗಳೇ ಹೊರತು ತಾನಲ್ಲವೆಂದು ವಾಲ್ಟನ್ ಬರೆದಿದ್ದಾನೆ. ನ್ಯಾಯವಾಗಿ ನೋಡಿದರೆ ನಿಜವೇ. ಆದರೆ ಆ ಪುಟವನ್ನು ಓದುವಾಗ ನನಗೆ ಆದ ಸಂತೋಷವನ್ನು ನೆನೆದು ಈಗ ನಾಚಿಕೆಯಾಗುತ್ತದೆ.

ಮೊನ್ನೆ ಊರಿಗೆ ಹೋದಾಗ ನಮ್ಮ ತಾತನ ಮಳಿಗೆಯ ಮುಂದೆ ನಿಂತೆ. ಮಾಲೀಕರ ಮಗ ಅಲ್ಲಿ ದಿನಸಿ ಅಂಗಡಿಯನ್ನೇ ಇಟ್ಟಿದ್ದಾರೆ. ಅವರಿಗೂ ತಲೆ ನರೆತಿದೆ. ವ್ಯಾಪಾರ ಹೇಗಿದೆಯೆಂದು ಕೇಳಿದೆ. ಎದುರುಮನೆಯ ಬಾಗಿಲಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಹುಡುಗನ ಕಡೆಗೆ ಗದ್ದ ಎತ್ತಿ ತೋರಿಸಿದರು. ನಾನು ಅರ್ಧ ಕಿಲೋ ಬೆಲ್ಲ ಕೊಂಡೆ.