ಉಸ್ತಾದರಿಲ್ಲದ ಬೆಸುಗೆ

ದಾವಣಗೆರೆಯಲ್ಲಿ ನಮ್ಮ ಓಣಿ ಪಿ.ಬಿ. ರಸ್ತೆಗೆ ಸೇರುವ ಮೂಲೆಯಲ್ಲಿ ಒಂದು ವೆಲ್ಡಿಂಗ್ ಶಾಪ್ ಇತ್ತು. ಲಾರಿಯ ಬಾಡಿ, ಟ್ರ್ಯಾಕ್ಟರಿನ ಟ್ರೇಲರು, ಮನೆಯ ಗೇಟು, ಕಿಟಕಿಯ ಗ್ರಿಲ್ಲು ಎಲ್ಲವೂ ಅಲ್ಲೇ. ಅದರ ಯಜಮಾನರನ್ನು ಇಡೀ ಓಣಿ ‘ಉಸ್ತಾದ್’ ಎಂದೇ ಕರೆಯುತ್ತಿತ್ತು. ಶಾಲೆಯಿಂದ ಬರುವಾಗ ನಾನು ಅಲ್ಲಿ ನಿಂತರೆ ‘ಏ ತಮ್ಮಾ, ಬೆಂಕಿ ನೋಡಬ್ಯಾಡ, ಮನೀಗೆ ನಡಿ’ ಎಂದು ಗದರುವರು. ಒಂದು ದಿನ ಗದರಿದರೂ ನೋಡಿದೆ. ಆಗ ಏನೂ ಆಗಲಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣಿನಲ್ಲಿ ಹಿಡಿ ಮರಳು ಸುರಿದಂತಾಗಿ ಎದ್ದು ಕೂಗಿಕೊಂಡೆ. ಅವ್ವ ಆಲೂಗಡ್ಡೆ ಹೆಚ್ಚಿ ಕಣ್ಣಿನ ಮೇಲಿಟ್ಟಳು. ಅದರಿಂದ ವಾಸಿಯಾಯಿತೋ, ಎರಡು ದಿನ ಕಳೆದದ್ದರಿಂದ ವಾಸಿಯಾಯಿತೋ ಹೇಳಲಾರೆ.

ಆ ಶಾಪಿನ ಹುಡುಗರಿಗೆ ಉಸ್ತಾದರು ಮೊದಲ ವರ್ಷ ಹೋಲ್ಡರ್ ಮುಟ್ಟಲು ಬಿಡುತ್ತಿರಲಿಲ್ಲ. ಕಬ್ಬಿಣ ಹಿಡಿದುಕೊಳ್ಳಬೇಕು, ಸುತ್ತಿಗೆಯಿಂದ ಕಿಟ್ಟ ಉದುರಿಸಬೇಕು, ಕೆಲಸ ಮುಗಿದ ಮೇಲೆ ಸುತ್ತ ನೀರು ಚಿಮುಕಿಸಬೇಕು. ನೀರು ಚಿಮುಕಿಸುವುದು ಧೂಳು ಏಳದಿರಲಿ ಎಂದು, ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಈಗ ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರ, ಎಸ್ಲಿಂಗೆನ್ ಪಕ್ಕದ ಒಂದು ಹಳ್ಳಿಯಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಗೇಟಿನ ಕೀಲು ಮುರಿಯಿತು. ಅದನ್ನು ಬೆಸೆದುಕೊಡಲು ಒಬ್ಬರು ಕೇಳಿದ ಹಣದಲ್ಲಿ ಒಂದು ಹಳೆಯ ವೆಲ್ಡಿಂಗ್ ಮಷೀನೇ ಬರುತ್ತದೆ ಎಂದು ಗೊತ್ತಾಗಿ, ಮಷೀನನ್ನೇ ತಂದೆ. ಸುರುಳಿಯಲ್ಲಿ ಸುತ್ತಿದ ತಂತಿಯನ್ನು ತಾನೇ ನೂಕುತ್ತ, ಬಂದೂಕಿನಂಥ ಹಿಡಿಕೆಯ ಕುದುರೆ ಒತ್ತಿದರೆ ಸಾಕು, ಬೆಸೆಯುವ ಜಾತಿಯದು. ಇಲ್ಲಿ ಅದಕ್ಕೆ ‘ಶುಟ್ಸ್‌ಗಾಸ್’ ಮಷೀನು ಎನ್ನುತ್ತಾರೆ, ಅಂದರೆ ರಕ್ಷಣಾನಿಲದ್ದು. ನಮ್ಮ ಕಡೆಯ ಶಾಪುಗಳಲ್ಲಿ ‘ಸಿಒಟೂ ವೆಲ್ಡಿಂಗ್’. ಅರ್ಧ ಗಂಟೆಯಲ್ಲಿ ಕೀಲು ಕೂತಿತು. ಉಸ್ತಾದರ ಹುಡುಗರು ಮೂರು ವರ್ಷ ಕಲಿತದ್ದನ್ನು ನಾನು ಒಂದು ಶನಿವಾರ ಕಲಿತಿದ್ದೆ. ಹಾಗಾದರೆ ಉಸ್ತಾದರ ಮೂರು ವರ್ಷ ಎಲ್ಲಿ ಹೋಯಿತು? ಹುಡುಕುತ್ತ ಹೋದಾಗ, ಅದರಲ್ಲಿ ಬಹುಪಾಲು ಮಷೀನಿನ ಒಳಗೆ ಹೋಗಿ ಕೂತಿದೆ ಎಂದು ತಿಳಿಯಿತು. ಉಳಿದ ಸ್ವಲ್ಪ ಎಲ್ಲೂ ಹೋಗಿಲ್ಲ ಎಂಬುದು ತಡವಾಗಿ ತಿಳಿಯಿತು.

ಜರ್ಮನ್ನಿನಲ್ಲಿ ಬೆಸೆಯುವುದಕ್ಕೆ ‘ಶ್ವೈಸೆನ್’ ಎಂಬ ಮಾತು. ‘ಶ್ವೈಸ್’ ಎಂದರೆ ಬೆವರು. ನಾವು ಬೆಸುಗೆ ಎಂದರೆ ಒಲವನ್ನೂ ನೆನೆಯುತ್ತೇವೆ, 1976ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂತು. ಇವರಿಗೆ ಅದು ಬೆವರೇ. ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುವ ಕಾಲಕ್ಕೆ ಅದು ಸರಿಯಾದ ಹೆಸರೇ ಆಗಿತ್ತು. ಅದನ್ನು ಕದಲಿಸಿದವನು ರಷ್ಯಾದ ನಿಕೊಲಾಯ್ ಬೆನಾರ್ಡೋಸ್. ವಿದ್ಯುತ್ ಚಾಪವನ್ನು ಇಂಗಾಲದ ಕಡ್ಡಿಯಿಂದ ಹೊತ್ತಿಸಿ ಲೋಹವನ್ನು ಕರಗಿಸುವ ವಿಧಾನಕ್ಕೆ 1885ರಲ್ಲಿ ಅವನು ಮತ್ತು ಪೋಲೆಂಡಿನ ಓಲ್ಶೆವ್ಸ್ಕಿ ಪೇಟೆಂಟ್ ಪಡೆದರು. ಗ್ರೀಕರ ಕಮ್ಮಾರ ದೇವತೆಯ ಹೆಸರನ್ನು ಸೇರಿಸಿ ಅದನ್ನು ‘ಎಲೆಕ್ಟ್ರೊಗೆಫೆಸ್ಟ್’ ಎಂದು ಕರೆದರು. ನಮ್ಮವರಾಗಿದ್ದರೆ ವಿಶ್ವಕರ್ಮನ ಹೆಸರಿಡುತ್ತಿದ್ದರು. 1888ರಲ್ಲಿ ಪೆರ್ಮ್‌ನ ಸ್ಲಾವ್ಯಾನೋವ್ ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಹಿಡಿದ, ಅದೇ ಕರಗಿ ಸಂದನ್ನು ತುಂಬುವಂತೆ ಮಾಡಿದ. ಆದರೆ ಬರಿಯ ಕಡ್ಡಿ ಕರಗಿದಾಗ ಗಾಳಿಯ ಆಮ್ಲಜನಕ, ಸಾರಜನಕಗಳು ಒಳನುಗ್ಗಿ ಬೆಸುಗೆಯನ್ನು ರೊಟ್ಟಿಯಂತೆ ತೂತುತೂತಾಗಿಸುತ್ತವೆ. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ ಕಡ್ಡಿಯ ಮೇಲೆ ಲೇಪ ಬಳಿದು ಅದಕ್ಕೊಂದು ಉಪಾಯ ಕಂಡ. 1904ರಲ್ಲಿ ಅವನು ಕಟ್ಟಿದ ಕಂಪನಿಯೇ ಇಂದಿನ ಈಸಾಬ್. ಉಸ್ತಾದರ ಕೈಯಲ್ಲಿದ್ದ ರಾಡು ಇದೇ ವಂಶದ್ದು.

ಜರ್ಮನಿಯಲ್ಲಿ ಬೆಸುಗೆ ದೊಡ್ಡದಾದದ್ದಕ್ಕೆ ಒಂದು ರಾಜಕೀಯ ಕಾರಣವೂ ಇದೆ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಇವರ ಹೊಸ ಯುದ್ಧನೌಕೆಗಳಿಗೆ 10,000 ಟನ್ನಿನ ಮಿತಿ ಹಾಕಿತು. ರಿವೆಟ್ ಹೊಡೆದರೆ ತಗಡುಗಳನ್ನು ಒಂದರ ಮೇಲೊಂದು ಹಾಯಿಸಬೇಕು, ತೂಕ ಏರುತ್ತದೆ. ಬೆಸೆದರೆ ಅಂಚಿಗೆ ಅಂಚು ಸಾಕು. 1931ರಲ್ಲಿ ಕೀಲ್‌ನಲ್ಲಿ ನೀರಿಗಿಳಿದ ‘ಡಾಯ್ಚ್‌ಲಾಂಡ್’ ನೌಕೆಯಲ್ಲಿ ತೂಕ ಉಳಿಸಲು ಬೆಸುಗೆಯನ್ನು ಅಷ್ಟು ಧಾರಾಳವಾಗಿ ಬಳಸಿದ್ದು ಹೀಗೆ. ಅಷ್ಟಾದರೂ ಅದು ಮಿತಿಯನ್ನು ಮೀರಿತ್ತು ಎನ್ನುವುದು ಬೇರೆ ಮಾತು.

ನನ್ನ ಗ್ಯಾರೇಜಿನ ಮಷೀನಿನ ನೇರ ಅಜ್ಜ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. 1948ರಲ್ಲಿ ಒಹಾಯೋದ ಬ್ಯಾಟೆಲ್ ಸಂಸ್ಥೆಯವರು ಏರ್ ರಿಡಕ್ಷನ್ ಕಂಪನಿಗಾಗಿ, ತೆಳು ತಂತಿಯನ್ನು ಒಂದೇ ವೇಗದಲ್ಲಿ ನೂಕುತ್ತ ಸುತ್ತಲೂ ಜಡ ಅನಿಲ ಬಿಡುವ ವಿಧಾನವನ್ನು ರೂಪಿಸಿದರು. ಅದು ಅಲ್ಯೂಮಿನಿಯಂಗೆಂದು ಮಾಡಿದ್ದು, ಅನಿಲವೂ ದುಬಾರಿ. 1953ರಲ್ಲಿ ಸೋವಿಯತ್ ಒಕ್ಕೂಟದ ಲ್ಯುಬಾವ್ಸ್ಕಿ ಮತ್ತು ನೊವೊಶಿಲೋವ್ ಅಗ್ಗದ ಇಂಗಾಲದ ಡೈಆಕ್ಸೈಡಿನಲ್ಲೇ ಉಕ್ಕನ್ನು ಬೆಸೆಯಬಹುದೆಂದು ತೋರಿಸಿದರು. ನಮ್ಮ ‘ಸಿಒಟೂ’ ಅಲ್ಲಿಂದ ಬಂದದ್ದು. 1950ರ ದಶಕ ಮುಗಿಯುವಷ್ಟರಲ್ಲಿ ಕಡಿಮೆ ವೋಲ್ಟೇಜಿನಲ್ಲಿ ತಂತಿ ಕ್ಷಣಕ್ಷಣಕ್ಕೂ ಮುಟ್ಟಿ ಕರಗಿ ಬಿಡುವ ‘ಶಾರ್ಟ್ ಆರ್ಕ್’ ರೂಢಿಗೆ ಬಂತು. ತೆಳು ತಗಡು ತೂತಾಗದೆ ಬೆಸೆಯಲು ಸಾಧ್ಯವಾದದ್ದು ಆಗ. ಅದಿಲ್ಲದಿದ್ದರೆ ಈ ಮಷೀನು ಕಾರ್ಖಾನೆ ಬಿಟ್ಟು ಮನೆಗೆ ಬರುತ್ತಿರಲಿಲ್ಲ.

ಉಸ್ತಾದರು ಒಳಗೆ ಹೋಗಿ ಕೂತದ್ದು ಎಲ್ಲಿ ಎಂದರೆ ಇಲ್ಲಿ: ರಾಡು ಸವೆದಂತೆಲ್ಲ ಅವರ ಕೈ ಕೂದಲೆಳೆಯಷ್ಟು ಕೆಳಗಿಳಿಯುತ್ತ ಚಾಪದ ಉದ್ದವನ್ನು ಕಾಯುತ್ತಿತ್ತು. ಅದಕ್ಕೇ ಮೂರು ವರ್ಷ ಬೇಕಾಗುತ್ತಿತ್ತು. ಈ ಮಷೀನಿನಲ್ಲಿ ವೋಲ್ಟೇಜು ಸ್ಥಿರ, ತಂತಿಯ ವೇಗವೂ ಸ್ಥಿರ. ಕೈ ನಡುಗಿ ಚಾಪ ಉದ್ದವಾಯಿತು ಅನ್ನಿ, ಕರೆಂಟ್ ತಾನೇ ಇಳಿಯುತ್ತದೆ, ತಂತಿ ನಿಧಾನ ಕರಗುತ್ತದೆ, ಚಾಪ ಮತ್ತೆ ಗಿಡ್ಡವಾಗುತ್ತದೆ. ಗಿಡ್ಡವಾದರೆ ಇದರ ಉಲ್ಟಾ. ನಡುಗುವ ಕೈಯನ್ನು ಕ್ಷಮಿಸುವ ಉಸ್ತಾದ.

ಮಷೀನನ್ನು ಹೂಡುವ ಬಗೆ ಹೇಳುತ್ತೇನೆ, ಯಾಕೆಂದರೆ ನಾನು ಮಾಡಿದ ತಪ್ಪುಗಳೆಲ್ಲ ಅಲ್ಲಿವೆ. ನಮ್ಮ ಮನೆಯ ಸಾಮಾನ್ಯ ಶುಕೋ ಪ್ಲಗ್ 230 ವೋಲ್ಟ್, 16 ಆಂಪಿಯರಿನದು. ಗೇಟು, ಕುಂಡದ ಸ್ಟ್ಯಾಂಡಿನಂಥ ಕೆಲಸಕ್ಕೆ ಸಾಕು. ಎಕ್ಸ್‌ಟೆನ್ಷನ್ ಕೇಬಲ್ ಬೇಕಾದರೆ ದಪ್ಪನೆಯದು, 2.5 ಚದರ ಮಿ.ಮೀ.ನದು, ಮತ್ತು ಡ್ರಮ್ಮಿನಿಂದ ಪೂರ್ತಿ ಬಿಚ್ಚಿರಬೇಕು. ನಾನು ಬಿಚ್ಚದೆ ಬಿಟ್ಟು, ಮುಟ್ಟಿದರೆ ಇಸ್ತ್ರಿಪೆಟ್ಟಿಗೆಯಂತೆ ಬಿಸಿ. ಪ್ಲಗ್ ತೆಗೆದೇ ತಂತಿ ಏರಿಸಬೇಕು. 0.8 ಮಿ.ಮೀ. ತಂತಿಗೆ ಉರುಳೆಯ ಗಾಡಿಯೂ 0.8ರದೇ, ತುದಿಯ ತಾಮ್ರದ ಟಿಪ್ಪೂ 0.8ರದೇ. ಉರುಳೆಯನ್ನು ಅತಿಯಾಗಿ ಬಿಗಿದರೆ ತಂತಿ ಚಪ್ಪಟೆಯಾಗುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಗ್ಲೋವ್ಸ್ ಹಾಕಿ, ಬರುವ ತಂತಿಯನ್ನು ಒಣಮರದ ತುಂಡಿಗೆ ಒತ್ತಿದಾಗ ಅದು ನಿಲ್ಲದೆ ಬಾಗಿ ಸುತ್ತಿಕೊಂಡರೆ ಹದ ಸರಿ. ಆಗ ಹಿಡಿಕೆಯ ಬಾಯಿ ಮುಖದ ಕಡೆಗಿರಬಾರದು, ಅದು ಸೂಜಿಯಂತೆ ನುಗ್ಗುತ್ತದೆ. ಅನಿಲ ಬಳಸುವ ಗಟ್ಟಿ ತಂತಿಗೆ ಹಿಡಿಕೆ ಪ್ಲಸ್ಸಿಗೆ. ಅನಿಲ ಬೇಡದ, ಒಳಗೆ ಪುಡಿ ತುಂಬಿದ ತಂತಿಗೆ ಸಾಮಾನ್ಯವಾಗಿ ಮೈನಸ್ಸಿಗೆ. ಇದನ್ನು ಅದಲುಬದಲು ಮಾಡಿ ನಾನು ಒಂದು ಸಂಜೆಯೆಲ್ಲ ಹಕ್ಕಿ ಹಿಕ್ಕೆಯಂಥ ಬೆಸುಗೆ ಹಾಕಿದ್ದೇನೆ.

ಅನಿಲ ಇಲ್ಲಿ ಹೆಚ್ಚಾಗಿ ಸಿಗುವುದು 82 ಪಾಲು ಆರ್ಗಾನ್, 18 ಪಾಲು ಇಂಗಾಲದ ಡೈಆಕ್ಸೈಡ್. ಆರ್ಗಾನನ್ನು 1894ರಲ್ಲಿ ರೇಲಿಯ ಜೊತೆ ಕಂಡುಹಿಡಿದ ವಿಲಿಯಂ ರ್‍ಯಾಮ್ಸೇ, 1900ರಲ್ಲಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಜಾಗ ನೋಡಲು ಭಾರತ ಸುತ್ತಿ, ಬೆಂಗಳೂರನ್ನು ಸೂಚಿಸಿದವರು. ಇದು ಗೊತ್ತಾದ ಮೇಲೆ ಸಿಲಿಂಡರಿನ ಮೇಲೆ ನನಗೆ ಸ್ವಲ್ಪ ಸಲುಗೆ. ಆದರೆ ಹತ್ತು ಲೀಟರಿನ ಆ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದೆ. ಬಿದ್ದು ಕುತ್ತಿಗೆ ಮುರಿದರೆ ಅದು ಬಾಣ. ಗೋಡೆಗೆ ಸರಪಳಿ ಹಾಕಿ ಕಟ್ಟಲೇಬೇಕು. ನಿಮಿಷಕ್ಕೆ ಎಂಟು-ಹತ್ತು ಲೀಟರ್ ಬಿಟ್ಟರೆ ಸಾಕು, ಮೂರು ಗಂಟೆಗೂ ಹೆಚ್ಚು ಬರುತ್ತದೆ. ಅರ್ಥ್ ಕ್ಲ್ಯಾಂಪನ್ನು ಬಣ್ಣ, ತುಕ್ಕು ಕೆರೆದ ಜಾಗಕ್ಕೆ, ಬೆಸುಗೆಯ ಹತ್ತಿರವೇ ಹಾಕಬೇಕು. ಹದ ಸರಿಯಿದ್ದರೆ ಕಿವಿಗೇ ತಿಳಿಯುತ್ತದೆ: ಬಿಸಿ ಎಣ್ಣೆಗೆ ಸಾಸಿವೆ ಬಿದ್ದಾಗಿನ ಬಿಡದ ಚಟಪಟ. ಟಪ್ ಟಪ್ ಎಂದು ತಂತಿ ನೂಕಿದಂತಾದರೆ ವೇಗ ಹೆಚ್ಚಾಯಿತು.

ಇನ್ನು ಮೈಗೆ ಸಂಬಂಧಿಸಿದ್ದು. ಮುಖಕ್ಕೆ 10ರಿಂದ 12ನೇ ಕತ್ತಲೆಯ ಗಾಜು, ಮೈಗೆ ಹತ್ತಿಯ ಇಲ್ಲವೆ ಚರ್ಮದ ಬಟ್ಟೆ, ಕಾಲಿಗೆ ಚರ್ಮದ ಬೂಟು. ಸಿಂಥೆಟಿಕ್ ಅಂಗಿ ಕರಗಿ ಚರ್ಮಕ್ಕೆ ಅಂಟುತ್ತದೆ. ಉಸ್ತಾದರ ಕಾಲದಲ್ಲಿ ಗಾಜನ್ನು ಕೈಯಲ್ಲಿ ಹಿಡಿದುಕೊಂಡು, ಚಾಪ ಹೊತ್ತುವ ಕ್ಷಣಕ್ಕೆ ಸರಿಯಾಗಿ ಮುಖಕ್ಕೆ ತರಬೇಕಿತ್ತು. ಈಗ ಗಾಜು ಬೆಳಕು ಕಂಡೊಡನೆ ತಾನೇ ಕಪ್ಪಾಗುತ್ತದೆ. ಹೊಗೆಯನ್ನು ಮಾತ್ರ ಯಾರೂ ಸುಲಭ ಮಾಡಿಲ್ಲ. ಬೆಸುಗೆಯ ಹೊಗೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲಿ ಖಚಿತವಾಗಿ ಹೇಳಿತು. ಬಾಗಿಲು ತೆರೆದಿರಬೇಕು, ತಲೆಯನ್ನು ಹೊಗೆಯ ಕಂಬದಿಂದ ಆಚೆ ಇಡಬೇಕು. ಸತು ಬಳಿದ ಪೈಪನ್ನು ಹಾಗೇ ಸುಟ್ಟರೆ ಸಂಜೆಗೆ ಮಲೇರಿಯದಂಥ ಚಳಿಜ್ವರ. ಇನ್ನೊಂದು, ಜಿಡ್ಡು ತೆಗೆಯಲೆಂದು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿ ಬೆಸೆಯಬೇಡಿ. ಆ ಉರಿಯಲ್ಲಿ ಫಾಸ್ಜೀನ್ ಹುಟ್ಟುತ್ತದೆ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಎರಡೂ ಕಡೆಯವರು ಬಿಟ್ಟ ಅನಿಲ ಅದು.

ಇಷ್ಟೆಲ್ಲ ನಾನು ಓದಿ ಪಾಲಿಸಿದ್ದೆ. ಗೇಟಿನ ಕೆಲಸವಾದ ಎರಡು ತಿಂಗಳಿಗೆ ಗ್ಯಾರೇಜಿನಲ್ಲಿ ಸೈಕಲ್ ಸ್ಟ್ಯಾಂಡಿಗೆ ಒಂದು ಕಾಲು ಬೆಸೆದೆ. ಎಲ್ಲ ಚೆನ್ನಾಯಿತು. ಸಿಲಿಂಡರ್ ಮುಚ್ಚಿ, ಪ್ಲಗ್ ತೆಗೆದು, ಕಾಫಿಗೆ ಒಳಗೆ ಹೋದೆ. ಮುಕ್ಕಾಲು ಗಂಟೆಯಾದ ಮೇಲೆ ಪಕ್ಕದ ಮನೆಯವರು ಬೆಲ್ ಒತ್ತಿದರು. ಅವರು ಜೀವನವಿಡೀ ಲೋಹದ ಕೆಲಸ ಮಾಡಿ ನಿವೃತ್ತರಾದ ಮೈಸ್ಟರ್. ‘ನಿಮ್ಮ ಗ್ಯಾರೇಜು ವಾಸನೆ ಬರ್ತಿದೆ’ ಎಂದಷ್ಟೇ ಹೇಳಿ, ನನಗಿಂತ ಮೊದಲು ಅವರೇ ಒಳಗೆ ನುಗ್ಗಿದರು. ಬೆಸೆದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ, ಮರದ ಕಪಾಟಿನ ಹಿಂದೆ, ಮಗಳ ಹಳೆಯ ಪುಸ್ತಕಗಳ ರಟ್ಟಿನ ಪೆಟ್ಟಿಗೆ ಜ್ವಾಲೆಯಿಲ್ಲದೆ ಒಳಗೊಳಗೇ ಕೆಂಪಾಗಿ ಉರಿಯುತ್ತಿತ್ತು. ಒಂದು ಕಿಡಿ ನೆಲದ ಮೇಲೆ ಗೋಲಿಯಂತೆ ಉರುಳಿ ಹೋಗಿತ್ತು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಗಳು ಮಲಗಿದ್ದಳು.

ಎರಡು ಬಕೆಟ್ ನೀರಿಗೆ ಎಲ್ಲ ಆರಿತು. ಮೈಸ್ಟರ್ ಬೈಯಲಿಲ್ಲ. ಒಂದೇ ಮಾತು ಕೇಳಿದರು: ‘ಡ್ಯೂಸೆಲ್‌ಡಾರ್ಫ್ ಮರೆತಿರಾ?’

ಮರೆತಿರಲಿಲ್ಲ, ನಾನು ಜರ್ಮನಿಗೆ ಬಂದ ಹೊಸತು. 1996ರ ಏಪ್ರಿಲ್ 11, ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣ. ಟರ್ಮಿನಲಿನ ಮುಂದೆ ಕಾರುಗಳು ಏರಿ ಬರುವ ಮೇಲ್ರಸ್ತೆಯ ಸಂದನ್ನು ಬೆಸೆಯುತ್ತಿದ್ದರು. ಕರಗಿದ ಲೋಹದ ಹನಿಗಳು ಸಂದಿನಿಂದ ಇಳಿದು ಕೆಳಗಿನ ಛಾವಣಿಯೊಳಗಿನ ಪಾಲಿಸ್ಟೈರೀನ್ ಹಾಸಿಗೆ ತಗುಲಿದವು. ತೋರಿಕೆಯ ಛಾವಣಿಯ ಮೇಲೆ, ಯಾರ ಕಣ್ಣಿಗೂ ಬೀಳದೆ ಬೆಂಕಿ ಹರಡಿತು. ಕಣ್ಣಿಗೆ ಬಿದ್ದಾಗ ಅದು ಕಪ್ಪು ಹೊಗೆಯಾಗಿ ಇಡೀ ಕಟ್ಟಡವನ್ನು ತುಂಬುತ್ತಿತ್ತು. ಕೆಲವರು ಲಿಫ್ಟಿನಲ್ಲಿ, ಕೆಲವರು ಪ್ರಯಾಣಿಕರ ವಿಶ್ರಾಂತಿ ಕೋಣೆಯಲ್ಲಿ ಸಿಕ್ಕಿಬಿದ್ದರು. ಒಟ್ಟು 17 ಜನ ಸತ್ತರು. ಬೆಸುಗೆಯ ವೃತ್ತಿಯವರ ರಾಷ್ಟ್ರೀಯ ಸಂಘದ ಕಚೇರಿ ಇರುವುದೂ ಅದೇ ಊರಿನಲ್ಲಿ. ಬೆಂಕಿಯ ಕೆಲಸಕ್ಕೆ ಮುಂಚೆ ಲಿಖಿತ ಅನುಮತಿ, ಹತ್ತು ಮೀಟರ್ ಸುತ್ತಲಿನ ಉರಿಯುವ ವಸ್ತು ತೆಗೆಯುವುದು ಅಥವಾ ಮುಚ್ಚುವುದು, ಕೆಲಸವಾದ ಮೇಲೆ ಕಾವಲು—ಇವೆಲ್ಲ ಈ ದೇಶದ ಕಾರ್ಖಾನೆಗಳ ಕಾಗದದಲ್ಲಿವೆ. ನನ್ನ ಗ್ಯಾರೇಜಿಗೆ ಆ ಕಾಗದ ಕೊಡುವವರು ಯಾರು?

ಇಲ್ಲಿ ಮೂರು ಮೂರೂವರೆ ವರ್ಷದ ಶಿಷ್ಯವೃತ್ತಿ, ಆಮೇಲೆ ಮೈಸ್ಟರ್ ಪರೀಕ್ಷೆ. ಅದೇ ಮೈಸ್ಟರ್ ಪದ್ಧತಿಯ ನೆರಳಿನಲ್ಲಿ, ಬಾಡೆನ್-ವುರ್ಟೆಂಬರ್ಗ್ ರಾಜ್ಯದ ನೆರವಿನಿಂದ 1971ರಲ್ಲಿ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಶುರುವಾಯಿತು. ನಮ್ಮ ಉಸ್ತಾದರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೆ ಕೆಲಸ ಮುಗಿದ ಮೇಲೆ ಹುಡುಗರಿಂದ ಸುತ್ತ ನೀರು ಚಿಮುಕಿಸುತ್ತಿದ್ದರಲ್ಲ, ಅದು ಧೂಳಿಗಲ್ಲ ಎಂದು ನನಗೆ ಅರ್ಥವಾದದ್ದು ಆ ಸಂಜೆ, ಒದ್ದೆ ಪುಸ್ತಕಗಳನ್ನು ಅಂಗಳದಲ್ಲಿ ಹರಡುವಾಗ. ಚಾಪದ ಉದ್ದ ಕಾಯುವ ಕೈಯನ್ನು ಮಷೀನಿನೊಳಗೆ ಹಾಕಿದರು. ಸುತ್ತ ನೀರು ಹೊಡೆಯುವ ಹುಡುಗನನ್ನು ಯಾರೂ ಹಾಕಿಲ್ಲ.

ಈಗ ಬೆಸುಗೆಯ ಮುಂಚೆ ನೆಲ ಗುಡಿಸಿ ಒದ್ದೆ ಮಾಡುತ್ತೇನೆ, ಆದರೆ ನಾನು ನಿಲ್ಲುವ ಜಾಗ ಮಾತ್ರ ಒಣಗಿರಬೇಕು, ಕರೆಂಟಿನ ಕೆಲಸ. ಕಪಾಟನ್ನು ಆಚೆ ಸಾಗಿಸಿದ್ದೇನೆ. ಬಾಗಿಲ ಬಳಿ ತುಂಬಿದ ಬಕೆಟ್ಟೂ ಫೈರ್ ಎಕ್ಸ್‌ಟಿಂಗ್ವಿಷರೂ ಇವೆ. ಮುಗಿದ ಮೇಲೆ ಒಂದು ಗಂಟೆ ಸ್ಟೂಲು ಹಾಕಿ ಅಲ್ಲೇ ಕೂರುತ್ತೇನೆ, ಕಾಫಿ ಅಲ್ಲಿಗೇ ಬರುತ್ತದೆ. ‘ಆ ಮಷೀನಿಗೆ ಪೂಜೆ ಬೇರೆ ಮಾಡಿಬಿಡಿ’ ಎಂದು ಹೆಂಡತಿ ನಗುತ್ತಾಳೆ. ಆಯುಧಪೂಜೆಗೆ ಅದನ್ನೂ ಮಾಡಿದ್ದೇನೆ, ಕುಂಕುಮ ಹಚ್ಚಿ, ಹೂ ಸಿಗದೆ ಜೆರೇನಿಯಂ ಇಟ್ಟು.

ಹೋದ ಬೇಸಿಗೆ ದಾವಣಗೆರೆಗೆ ಹೋದಾಗ ಶಾಪು ಇನ್ನೂ ಅಲ್ಲೇ ಇತ್ತು, ಉಸ್ತಾದರಿರಲಿಲ್ಲ. ಮೊಮ್ಮಗ ನಡೆಸುತ್ತಿದ್ದಾನೆ, ಅವನ ಮುಂದೆ ನನ್ನದರಂಥದ್ದೇ ಚಿಕ್ಕ ಮಷೀನು. ನಾನು ಜರ್ಮನಿಯಲ್ಲಿದ್ದೇನೆ ಎಂದು ಯಾರೋ ಹೇಳಿದ್ದರಿಂದ ‘ಅಣ್ಣಾ, ಗ್ಯಾಸಿಲ್ಲದ ತಂತಿಗೆ ಪ್ಲಸ್ಸೋ ಮೈನಸ್ಸೋ?’ ಎಂದು ಕೇಳಿದ. ಮೈನಸ್, ಆದರೂ ಡಬ್ಬಿ ಮೇಲೆ ಬರೆದದ್ದು ನೋಡ್ಕೋ ಎಂದೆ. ಅವನು ಬೆಸೆದು ಮುಗಿಸುವ ತನಕ ನಾನು ಬೆನ್ನು ತಿರುಗಿಸಿ ನಿಂತೆ. ಹಿಂದಿನಿಂದ ಚಟಪಟ ನಿಂತಿತು, ಆಮೇಲೆ ತಗಡಿನ ಚೊಂಬಿನಿಂದ ನೆಲಕ್ಕೆ ನೀರು ಎರಚಿದ ಸದ್ದು.