ಎರಡು ಕಂಪನಿಗಳ ಕಾರಿನಲ್ಲಿ ಒಂದೇ ಬಿಡಿಭಾಗ: ಇದು ಮೋಸವೇ?

ಬೇರೆ ಬೇರೆ ಹೆಸರಿನ ಕಾರುಗಳಲ್ಲಿ ಒಂದೇ ಬಿಡಿಭಾಗ ಇದ್ದರೆ ಗ್ರಾಹಕರಿಗೆ ಮೋಸವಾದಂತೆ ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ.

ಎಂಜಿನ್‌ನಂಥ ಭಾಗವನ್ನು ವಿನ್ಯಾಸ ಮಾಡಿ ಪರೀಕ್ಷಿಸಲು ಭಾರಿ ಖರ್ಚು ಬರುತ್ತದೆ. ಅದನ್ನೇ ಹಲವು ಮಾದರಿಗಳಿಗೆ ಬಳಸಿದರೆ ಖರ್ಚು ಹಂಚಿಹೋಗುತ್ತದೆ. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಎರಡೂ ತಯಾರಾದದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಭಾಗ ಒಂದೇ ಆದರೆ ಅದರ ದೋಷವೂ ಎಲ್ಲ ಕಡೆ ಹೋಗುತ್ತದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದಲ್ಲಿ ದೋಷವಿರಬಹುದೆಂದು ಮಾರುತಿ 17,362 ಕಾರುಗಳನ್ನು ವಾಪಸ್ ಕರೆಸಿತು. ಬಲೆನೊ, ಗ್ರ್ಯಾಂಡ್ ವಿಟಾರಾ ಅದರಲ್ಲಿದ್ದವು. ಅದೇ ತಿಂಗಳು, ಅದೇ ಭಾಗಕ್ಕಾಗಿ ಟೊಯೊಟಾ 1,390 ಗ್ಲಾನ್ಜಾ, ಹೈರೈಡರ್ ಕಾರುಗಳನ್ನು ಕರೆಸಿತು. ಅಂಥ ದೋಷವಿದ್ದರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೇ ಹೋಗಬಹುದು.

ನೀವೇನು ಮಾಡಬೇಕು?

ಇಂಥ ಸುದ್ದಿ ಬಂದಾಗ "ಅದು ಬೇರೆ ಕಂಪನಿ, ನಮಗೇನು" ಎಂದು ಸುಮ್ಮನಿರಬೇಡಿ. ನಿಮ್ಮ ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡಿ. ರಾಯಚೂರಿನ ಚಂದ್ರಬಂಡದಂಥ ಊರಿನಲ್ಲಿದ್ದರೂ ಮೊಬೈಲ್ ಸಾಕು, ಶೋರೂಮಿಗೆ ಹೋಗಬೇಕಿಲ್ಲ. ನೋಡಲು ಒಂದೇ ಥರ ಇದೆ ಎಂದು ಬೇರೆ ಕಾರಿನ ಭಾಗ ಹಾಕಿಸಬೇಡಿ. ಅದು ನಿಮ್ಮ ಮಾದರಿಯದೇ ಎಂದು ಪಾರ್ಟ್ ನಂಬರ್ ನೋಡಿ ಖಚಿತಪಡಿಸಿಕೊಳ್ಳಿ.